ಫೊರೆನ್ಸಿಕ್ ಸೈಕಾಲಜಿ ಓದೋದು ಸರಿ, ಆದ್ರೆ ಕಾನೂನಲ್ಲಿ ಆ ಹೆಸರಿನ ಕುರ್ಚಿ ಎಲ್ಲಿದೆ?

ಎರಡು ಸುದ್ದಿ ಹಿಂದೆಮುಂದೆ ಬಂದಿವೆ, ಒಂದಕ್ಕೊಂದು ತಾಳೆನೇ ಆಗ್ತಿಲ್ಲ. ಒಂದು, 2024ರ ಜುಲೈ 1ಕ್ಕೆ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದವು, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರೋ ಕೇಸುಗಳಲ್ಲಿ ಫೊರೆನ್ಸಿಕ್ ಎಕ್ಸ್‌ಪರ್ಟ್ ಸ್ಥಳಕ್ಕೇ ಬರ್ಬೇಕು ಅಂತ ಅದ್ರಲ್ಲಿ ಬರೆದಿದೆ, ಹಾಗಾಗಿ ಫೊರೆನ್ಸಿಕ್ ಓದಿದವ್ರಿಗೆ ಇನ್ಮುಂದೆ ಭಾರಿ ಡಿಮ್ಯಾಂಡು ಅಂತ ಎಲ್ಲ ಕಡೆ ಮಾತು. ಇನ್ನೊಂದು, 2025ರಲ್ಲಿ ಯುಜಿಸಿ ದೂರಶಿಕ್ಷಣದಲ್ಲಾಗ್ಲಿ ಆನ್‌ಲೈನಲ್ಲಾಗ್ಲಿ ಸೈಕಾಲಜಿಗೆ ಹೊಸ ಅಡ್ಮಿಷನ್ ಮಾಡ್ಕೋಬೇಡಿ ಅಂತ ಯೂನಿವರ್ಸಿಟಿಗಳಿಗೆ ಹೇಳ್ತು. ಒಂದು ಕೈಲಿ ಬನ್ನಿ ಬನ್ನಿ ಅಂತ ಕರೆದು ಇನ್ನೊಂದು ಕೈಲಿ ಬಾಗಿಲು ಹಾಕ್ದಂಗೆ ಕಾಣುತ್ತೆ.

ಹಾಸನ, ಚಿಕ್ಕಮಗಳೂರು ಕಡೆ ಇದು ಸ್ವಲ್ಪ ಜಾಸ್ತಿನೇ ತಟ್ಟುತ್ತೆ. ಇಲ್ಲಿ ಪಿಯುಸಿ ಮುಗಿಸಿ ಫೊರೆನ್ಸಿಕ್ ಸೈಕಾಲಜಿ, ಅಂದ್ರೆ ಕೋರ್ಟು, ತನಿಖೆ ಕೆಲ್ಸಕ್ಕೆ ಬಳಸೋ ಮನಃಶಾಸ್ತ್ರ, ಓದ್ತೀನಿ ಅನ್ನೋ ಮಕ್ಕಳು ಈಗ ಕಮ್ಮಿ ಏನಿಲ್ಲ, ಓಟಿಟಿಲಿ ಕ್ರೈಮ್ ಸೀರೀಸ್ ನೋಡಿದವ್ರು ಒಂದಷ್ಟು, ನಿಜವಾಗ್ಲೂ ಆಸಕ್ತಿ ಇರೋರು ಒಂದಷ್ಟು, ಮನೆಯವ್ರು ಮಾತ್ರ ಅದು ಡಾಕ್ಟ್ರಾ, ಪೊಲೀಸಾ, ಲ್ಯಾಬ್ ಕೆಲ್ಸನಾ ಅಂತ ಕೇಳಿದ್ರೆ ಯಾರ ಹತ್ರನೂ ನೇರ ಉತ್ತರ ಇರಲ್ಲ. ಉತ್ತರ ಇಲ್ದೇ ಇರೋದಕ್ಕೂ ಒಂದು ಕಾರಣ ಇದೆ, ಈ ಲೇಖನ ಪೂರ್ತಿ ಅದ್ರ ಬಗ್ಗೆನೇ.

ಎರಡು ಸುದ್ದಿ, ಎರಡು ಬೇರೆ ಬೇರೆ ಲೋಕ

ಮೊದ್ಲು ಆ ಏಳು ವರ್ಷದ ವಿಷ್ಯ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್‌ನ ಮೂರನೇ ಉಪಸೆಕ್ಷನಲ್ಲಿ ಇರೋದು ಇಷ್ಟು: ಇಂಥ ಕೇಸಲ್ಲಿ ಠಾಣಾಧಿಕಾರಿ ಫೊರೆನ್ಸಿಕ್ ಎಕ್ಸ್‌ಪರ್ಟ್‌ನ ಕರೆಸ್ಬೇಕು, ಅವ್ರು ಸ್ಥಳಕ್ಕೆ ಬಂದು ಸಾಕ್ಷ್ಯ ತಗೋಬೇಕು, ಅದನ್ನ ಮೊಬೈಲಲ್ಲೋ ಬೇರೆ ಉಪಕರಣದಲ್ಲೋ ವಿಡಿಯೋ ಮಾಡ್ಬೇಕು. ಇದನ್ನ ಯಾವತ್ತಿಂದ ಕಡ್ಡಾಯ ಮಾಡ್ಬೇಕು ಅಂತ ನೋಟಿಫೈ ಮಾಡೋಕೆ ರಾಜ್ಯ ಸರ್ಕಾರಗಳಿಗೆ ಐದು ವರ್ಷ ಟೈಮೂ ಕೊಟ್ಟಿದೆ. ಈಗ ಯೋಚ್ನೆ ಮಾಡಿ, ಸ್ಥಳದಲ್ಲಿ ಸಿಗೋದು ಏನು? ರಕ್ತ, ಬೆರಳಚ್ಚು, ಕೂದಲು, ಗುಂಡಿನ ಚೂರು, ಮೊಬೈಲು, ವಿಷದ ಬಾಟ್ಲಿ. ಇದಕ್ಕೆ ಬೇಕಾಗೋದು ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್, ಕಂಪ್ಯೂಟರ್ ಓದಿದವ್ರು. ಮನಸ್ಸನ್ನ ಕವರ್‌ಗೆ ಹಾಕಿ ಸೀಲ್ ಮಾಡಿ ಬೆಂಗಳೂರು ಮಡಿವಾಳದ ಎಫ್‌ಎಸ್‌ಎಲ್‌ಗೆ, ಅಂದ್ರೆ ಸರ್ಕಾರಿ ಫೊರೆನ್ಸಿಕ್ ಲ್ಯಾಬಿಗೆ, ಕಳ್ಸೋಕೆ ಆಗಲ್ವಲ್ಲ. ಅಂದ್ರೆ ಈ ಸೆಕ್ಷನ್‌ನಿಂದ ಹುಟ್ಟೋ ಕೆಲ್ಸಗಳು ಹೆಚ್ಚುಕಮ್ಮಿ ಎಲ್ಲ ಫೊರೆನ್ಸಿಕ್ ಸೈನ್ಸ್ ಕಡೆಯವು, ಸೈಕಾಲಜಿ ಕಡೆಯವಲ್ಲ. ಹೆಸರಲ್ಲಿ ಫೊರೆನ್ಸಿಕ್ ಅಂತ ಇದ್ದ ಮಾತ್ರಕ್ಕೆ ಈ ಡಿಮ್ಯಾಂಡ್ ಸೈಕಾಲಜಿಗೂ ಬರುತ್ತೆ ಅಂತ ಅಂದ್ಕೊಂಡ್ರೆ ಅಲ್ಲೇ ಮೊದಲ ಲೆಕ್ಕ ತಪ್ಪುತ್ತೆ, ಕಾಲೇಜುಗಳ ಜಾಹೀರಾತುಗಳಂತೂ ಈ ತಪ್ಪು ಲೆಕ್ಕದ ಮೇಲೇ ನಡೀತಿವೆ.

ಇನ್ನು ಎರಡನೇ ಸುದ್ದಿ, ಯುಜಿಸಿದು. ಇದು ಏಕಾಏಕಿ ಬಂದಿದ್ದಲ್ಲ. 2021ರಲ್ಲಿ ಪಾರ್ಲಿಮೆಂಟ್ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಅಂತ ಒಂದು ಕಾಯ್ದೆ ಮಾಡ್ತು. ಡಾಕ್ಟ್ರು, ನರ್ಸು ಬಿಟ್ಟು ಆರೋಗ್ಯ ಕ್ಷೇತ್ರದಲ್ಲಿ ದುಡಿಯೋ ಎಷ್ಟೋ ಬಗೆಯ ಜನ, ಅಂದ್ರೆ ಫಿಸಿಯೋಥೆರಪಿಸ್ಟು, ಲ್ಯಾಬ್ ಟೆಕ್ನಿಷಿಯನ್ನು, ಡಯಟಿಷಿಯನ್ನು ಇವ್ರಿಗೆಲ್ಲ ಒಂದು ಕಮಿಷನ್, ಒಂದು ರಿಜಿಸ್ಟರ್ ಇರ್ಲಿ ಅಂತ. ಆ ಪಟ್ಟಿಯಲ್ಲಿ ಬಿಹೇವಿಯರಲ್ ಹೆಲ್ತ್ ಅನ್ನೋ ಗುಂಪಲ್ಲಿ ಸೈಕಾಲಜಿಸ್ಟ್ ಕೂಡ ಇದ್ದಾರೆ. ಒಂದ್ಸಲ ಸೈಕಾಲಜಿ ಆರೋಗ್ಯದ ಕೆಲ್ಸ ಅಂತ ಕಾನೂನಿನ ಪುಸ್ತಕಕ್ಕೆ ಹೋಯ್ತಾ, ಅದನ್ನ ಪೋಸ್ಟಲ್ಲಿ ಕಲಿಸೋದು ಹೇಗೆ ಅನ್ನೋ ಪ್ರಶ್ನೆ ತಾನಾಗೇ ಬಂತು. ಹಾಗಾಗಿ 2025ರ ಜುಲೈ-ಆಗಸ್ಟ್ ಸಾಲಿನಿಂದ ಸೈಕಾಲಜಿ, ಮೈಕ್ರೋಬಯಾಲಜಿ, ಫುಡ್ ಅಂಡ್ ನ್ಯೂಟ್ರಿಷನ್ ಥರದ ವಿಷಯಗಳು ದೂರಶಿಕ್ಷಣದಿಂದ ಹೊರಗೆ. ಬಿಎಯಲ್ಲಿ ಮೂರ್ನಾಲ್ಕು ಸಬ್ಜೆಕ್ಟ್‌ಗಳ ಜೊತೆ ಸೈಕಾಲಜಿನೂ ಇದ್ರೆ ಇಡೀ ಬಿಎ ರದ್ದಾಗಲ್ಲ, ಸೈಕಾಲಜಿ ಒಂದನ್ನ ಮಾತ್ರ ತೆಗೀತಾರೆ. ಇದನ್ನ ಎಷ್ಟೋ ಜನ ಸರಿಯಾಗಿ ಓದ್ದೇ ಡಿಗ್ರಿನೇ ಹೋಯ್ತು ಅಂತ ಗಾಬರಿ ಬಿದ್ದಿದ್ರು.

ಅಂದ್ರೆ ಮೊದಲ್ನೇದು ಪೊಲೀಸ್ ತನಿಖೆಯ ಸುದ್ದಿ, ಎರಡನೇದು ಆರೋಗ್ಯ ಕ್ಷೇತ್ರದ ಸುದ್ದಿ. ಫೊರೆನ್ಸಿಕ್ ಸೈಕಾಲಜಿ ಇವೆರಡರ ಮಧ್ಯದ ಗಡಿಯಲ್ಲಿ ನಿಂತಿದೆ, ಗಡಿಯಲ್ಲಿರೋ ಜಮೀನಿನ ಥರ, ಇಬ್ರೂ ನಮ್ದು ಅಂತಾರೆ, ಪಹಣಿ ಮಾತ್ರ ಯಾರ ಹೆಸರಲ್ಲೂ ಇಲ್ಲ.

ಅಲ್ಲಿನ ಮಾತು ಇಲ್ಲಿಗೆ ಹೊಂದಲ್ಲ

ಯೂಟ್ಯೂಬಲ್ಲಿ ಫೊರೆನ್ಸಿಕ್ ಸೈಕಾಲಜಿಸ್ಟ್ ಆಗೋದು ಹೇಗೆ ಅಂತ ಹುಡುಕಿದ್ರೆ ಬರೋದೆಲ್ಲ ಬ್ರಿಟನ್ನು ಅಮೆರಿಕದ ಮಾತು. ಬ್ರಿಟನ್‌ನಲ್ಲಿ ಫೊರೆನ್ಸಿಕ್ ಸೈಕಾಲಜಿಸ್ಟ್ ಅನ್ನೋದು 2009ರಿಂದ ಕಾನೂನಿನ ರಕ್ಷಣೆ ಇರೋ ಹೆಸರು, ರಿಜಿಸ್ಟರ್ ಆಗ್ದೇ ಹಾಗೆ ಕರ್ಕೊಂಡ್ರೆ ಅಪರಾಧ. ಅಲ್ಲಿ ಮಾನ್ಯತೆ ಇರೋ ಮಾಸ್ಟರ್ಸ್ ಮಾಡಿ, ಆಮೇಲೆ ವರ್ಷಗಟ್ಟಲೆ ಹಿರಿಯರ ಕೈಕೆಳಗೆ ಜೈಲಲ್ಲೋ ಆಸ್ಪತ್ರೆಯಲ್ಲೋ ಕೆಲ್ಸ ಮಾಡಿ ಆ ಹೆಸರು ತಗೋತಾರೆ. ಅಮೆರಿಕದಲ್ಲಿ ಸೈಕಾಲಜಿಸ್ಟ್‌ಗಳ ಸಂಘ ಇದನ್ನ 2001ರಲ್ಲಿ ಪ್ರತ್ಯೇಕ ಪರಿಣತಿ ಅಂತ ಒಪ್ಕೊಂಡಿದೆ.

ನಮ್ಮಲ್ಲಿ? ಫೊರೆನ್ಸಿಕ್ ಸೈಕಾಲಜಿಸ್ಟ್ ಅಂತ ಲೈಸೆನ್ಸ್ ಕೊಡೋ ಕೌನ್ಸಿಲ್ ಇಲ್ಲ. ಕಾಲೇಜಲ್ಲಿ ಪಾಠ ಮಾಡೋಕೆ ಬರೆಯೋ ನೆಟ್ ಪರೀಕ್ಷೆಯಲ್ಲೂ ಸೈಕಾಲಜಿ ಅಂತ ಒಂದು ಸಬ್ಜೆಕ್ಟು, ಕ್ರಿಮಿನಾಲಜಿ ಅಂತ ಒಂದು, ಫೊರೆನ್ಸಿಕ್ ಸೈನ್ಸ್ ಅಂತ ಇನ್ನೊಂದು, ಮೂರೂ ಬೇರೆ ಬೇರೆ, ಫೊರೆನ್ಸಿಕ್ ಸೈಕಾಲಜಿ ಅನ್ನೋದೇ ಇಲ್ಲ. ಮಾಸ್ಟರ್ಸ್ ಡಿಗ್ರಿ ಇದೆ, ಕೆಲ್ಸನೂ ಇದೆ, ಎರಡರ ಮಧ್ಯೆ ಇರ್ಬೇಕಾದ ಹೆಸರಿನ ಹಲಗೆ ಇಲ್ಲ.

ಕಾನೂನು ಯಾರನ್ನ ಹೆಸರು ಹಿಡಿದು ಕರೆಯುತ್ತೆ

ಇಲ್ಲೇ ಸ್ವಲ್ಪ ನಿಧಾನವಾಗಿ ನೋಡ್ಬೇಕು, ಯಾಕಂದ್ರೆ ಓದು ಯಾವ ಕಡೆ ಹೋಗ್ಬೇಕು ಅನ್ನೋದು ಇದ್ರ ಮೇಲೇ ನಿಂತಿದೆ.

ಒಬ್ಬ ಆರೋಪಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ಏನು ಮಾಡ್ತಿದೀನಿ ಅಂತಾನೇ ಅವನಿಗೆ ಗೊತ್ತಿರ್ಲಿಲ್ಲ ಅಂತ ವಕೀಲ್ರು ವಾದ ಮಾಡ್ತಾರೆ ಅನ್ಕೊಳ್ಳಿ. ಇದು ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್, ಹಳೇ ಐಪಿಸಿಯ 84. ಇದರ ಬೇರು ಇರೋದು 1843ರ ಲಂಡನ್‌ನಲ್ಲಿ, ಮ್ಯಾಕ್‌ನಾಟನ್ ಅನ್ನೋನು ಪ್ರಧಾನಿ ರಾಬರ್ಟ್ ಪೀಲ್‌ನ ಕೊಲ್ತೀನಿ ಅಂತ ಹೋಗಿ ಅವರ ಸೆಕ್ರೆಟರಿಗೆ ಗುಂಡು ಹೊಡೆದ ಕೇಸು. ನೂರೆಂಬತ್ತು ವರ್ಷ ದಾಟಿದ್ರೂ ಹಾಸನದ ಕೋರ್ಟಲ್ಲಿ ಇವತ್ತು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಅದೇನೇ. ಇನ್ನು ವಿಚಾರಣೆ ಎದುರಿಸೋ ಸ್ಥಿತಿಯಲ್ಲೇ ಆರೋಪಿ ಇಲ್ಲ ಅಂತ ಮ್ಯಾಜಿಸ್ಟ್ರೇಟ್‌ಗೆ ಅನ್ನಿಸಿದ್ರೆ ನಾಗರಿಕ ಸುರಕ್ಷಾ ಸಂಹಿತೆಯ 367ನೇ ಸೆಕ್ಷನ್ ಪ್ರಕಾರ ಮೊದ್ಲು ಸಿವಿಲ್ ಸರ್ಜನ್ ಹತ್ರ ಕಳಿಸ್ಬೇಕು, ಅವ್ರಿಗೂ ಹೌದು ಅನ್ನಿಸಿದ್ರೆ ಸರ್ಕಾರಿ ಆಸ್ಪತ್ರೆಯ ಅಥ್ವಾ ಸರ್ಕಾರಿ ಮೆಡಿಕಲ್ ಕಾಲೇಜಿನ ಸೈಕಿಯಾಟ್ರಿಸ್ಟ್ ಇಲ್ಲಾ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಕಳಿಸ್ಬೇಕು. ಹಾಸನದವ್ರಿಗೆ ಹಿಮ್ಸ್ ಇದೆ, ಚಿಕ್ಕಮಗಳೂರಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಆಗಿದೆ. ಸೆಕ್ಷನಲ್ಲಿರೋ ಪದ ಗಮನಿಸಿ: ಕ್ಲಿನಿಕಲ್ ಸೈಕಾಲಜಿಸ್ಟ್. ಫೊರೆನ್ಸಿಕ್ ಅಲ್ಲ.

ಆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಯಾರು ಅಂತ 2017ರ ಮೆಂಟಲ್ ಹೆಲ್ತ್‌ಕೇರ್ ಕಾಯ್ದೆ ವಿವರಿಸುತ್ತೆ. ಸೈಕಾಲಜಿಯಲ್ಲಿ ಬರೀ ಎಂಎ, ಎಂಎಸ್ಸಿ ಸಾಲಲ್ಲ, ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ, ಅಂದ್ರೆ ಎಲ್ರೂ ಆರ್‌ಸಿಐ ಅಂತಾರಲ್ಲ ಅದು, ಮಾನ್ಯ ಮಾಡಿರೋ ಕ್ಲಿನಿಕಲ್ ಟ್ರೈನಿಂಗ್ ಆಗಿರ್ಬೇಕು. ಇಷ್ಟು ದಿನ ಇದು ಎರಡು ವರ್ಷದ ಎಂಫಿಲ್. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಥರದ ಜಾಗದಲ್ಲಿ ಬೆರಳೆಣಿಕೆ ಸೀಟುಗಳಿಗೆ ನೂರಾರು ಜನ ಪರೀಕ್ಷೆ ಬರೀತಾರಲ್ಲ, ಅದೇ.

ಬಾಲ ನ್ಯಾಯದಲ್ಲಿ ಇನ್ನೊಂದು ಪದ. 16ರಿಂದ 18 ವರ್ಷದೊಳಗಿನ ಹುಡುಗ ಘೋರ ಅಪರಾಧದ ಆರೋಪದಲ್ಲಿ ಸಿಕ್ಕಿಬಿದ್ರೆ 2015ರ ಬಾಲ ನ್ಯಾಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಜಿಲ್ಲೆಯ ಬಾಲ ನ್ಯಾಯ ಮಂಡಳಿ ಒಂದು ಪ್ರಾಥಮಿಕ ಅಂದಾಜು ಮಾಡ್ಬೇಕು, ಅವನನ್ನ ದೊಡ್ಡವ್ರ ಹಾಗೆ ವಿಚಾರಣೆ ಮಾಡ್ಬೇಕಾ ಬೇಡ್ವಾ ಅಂತ. ಇದಕ್ಕೆ ಅನುಭವ ಇರೋ ಸೈಕಾಲಜಿಸ್ಟ್, ಸೈಕೋ ಸೋಷಿಯಲ್ ವರ್ಕರ್‌ಗಳ ಸಹಾಯ ತಗೋಬಹುದು ಅಂತಿತ್ತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಮಂಡಳಿಯ ಸದಸ್ಯರಲ್ಲಿ ಮಕ್ಕಳ ಮನಃಶಾಸ್ತ್ರ ಓದಿದವ್ರು ಯಾರೂ ಇಲ್ಲ ಅಂದ್ರೆ ಈ 'ಬಹುದು' ಅನ್ನೋದನ್ನ 'ಲೇಬೇಕು' ಅಂತಾನೇ ಓದ್ಬೇಕು ಅಂತ ಹೇಳ್ತು. ಒಂದು ಪದ ಬದಲಾಗಿದ್ದಕ್ಕೆ ಪ್ರತೀ ಜಿಲ್ಲೆಗೂ ಸೈಕಾಲಜಿಸ್ಟ್ ಬೇಕಾಯ್ತು, ಹಾಸನಕ್ಕೂ ಬೇಕು, ಚಿಕ್ಕಮಗಳೂರಿಗೂ ಬೇಕು.

ಅದೇ ವರ್ಷ ಮೇನಲ್ಲಿ ಮನೋಜ್ ವರ್ಸಸ್ ಮಧ್ಯಪ್ರದೇಶ ಕೇಸಲ್ಲಿ, ಮರಣದಂಡನೆ ಆಗೋ ಸಾಧ್ಯತೆ ಇರೋ ಕೇಸುಗಳಲ್ಲಿ ಆರೋಪಿಯ ಮಾನಸಿಕ ಮೌಲ್ಯಮಾಪನದ ವರದಿ ಕೋರ್ಟಿನ ಮುಂದೆ ಇರ್ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಇದ್ರ ಜೊತೆಗೆ ಫ್ಯಾಮಿಲಿ ಕೋರ್ಟ್ ಕೌನ್ಸೆಲರ್, ಪೋಕ್ಸೋ ಕೇಸುಗಳಲ್ಲಿ ಮಗುವಿನ ಜೊತೆ ನಿಲ್ಲೋರು, ಜೈಲಿನ ಮಾನಸಿಕ ಆರೋಗ್ಯ ಘಟಕ, ಇವೆಲ್ಲ ಇವೆ. ಎಲ್ಲ ಕಡೆ ಕೆಲ್ಸ ಫೊರೆನ್ಸಿಕ್ ಸೈಕಾಲಜಿದೇ, ಬೋರ್ಡ್ ಮೇಲಿನ ಹೆಸರು ಮಾತ್ರ ಬೇರೆ. ಇದನ್ನ ಅರ್ಥ ಮಾಡ್ಕೊಂಡವ್ರಿಗೆ ಅರ್ಧ ಗೊಂದಲ ಇಲ್ಲೇ ಮುಗೀತು.

ಸುಳ್ಳು ಹಿಡಿಯೋ ಮೆಷೀನಿನ ಕಥೆ

ಹಾಗಾದ್ರೆ ಫೊರೆನ್ಸಿಕ್ ಸೈಕಾಲಜಿ ಅಂದ ತಕ್ಷಣ ಎಲ್ರಿಗೂ ನೆನಪಾಗೋ ನಾರ್ಕೋ, ಪಾಲಿಗ್ರಾಫ್ ಎಲ್ಲಿ ಹೋಯ್ತು? ಅದಕ್ಕೊಂದು ಬೆಂಗಳೂರಿನ ಇತಿಹಾಸ ಇದೆ. 2000ದ ದಶಕದಲ್ಲಿ ಛಾಪಾ ಕಾಗದ ಹಗರಣದ ತೆಲಗಿಯಿಂದ ಹಿಡಿದು ದೇಶದ ಎಷ್ಟೋ ದೊಡ್ಡ ಕೇಸುಗಳ ಆರೋಪಿಗಳನ್ನ ನಾರ್ಕೋ ಮಾಡ್ಸೋಕೆ ಬೆಂಗಳೂರಿಗೆ ಕರ್ಕೊಂಡು ಬರ್ತಿದ್ರು, ಸೋಡಿಯಂ ಪೆಂಟೊಥಾಲ್ ಕೊಟ್ಟು ಅರೆಪ್ರಜ್ಞೆಯಲ್ಲಿ ಮಾತಾಡಿಸಿದ ವಿಡಿಯೋಗಳು ಟಿವಿಲೂ ಬರ್ತಿದ್ವು. 2010ರ ಮೇ 5ಕ್ಕೆ ಇದಕ್ಕೆ ಬ್ರೇಕ್ ಬಿತ್ತು. ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ ಕೇಸಲ್ಲಿ ಸುಪ್ರೀಂ ಕೋರ್ಟ್ ನಾರ್ಕೋ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ (ಮಿದುಳಿನ ಅಲೆಗಳನ್ನ ಅಳೆಯೋದು) ಈ ಮೂರನ್ನೂ ಒಪ್ಪಿಗೆ ಇಲ್ದೇ ಯಾರಿಗೂ ಮಾಡೋ ಹಾಗಿಲ್ಲ ಅಂತ ಹೇಳ್ತು. ಒಪ್ಪಿಗೆನೂ ಠಾಣೆಯಲ್ಲಿ ಸಹಿ ಹಾಕ್ಸಿದ್ರೆ ಆಗಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ಆಗ್ಬೇಕು, ವಕೀಲ್ರ ಸಹಾಯ ಇರ್ಬೇಕು. ಒಪ್ಪಿ ಮಾಡ್ಸಿದ್ರೂ ಅಲ್ಲಿ ಹೇಳಿದ ಮಾತೇ ಸಾಕ್ಷ್ಯ ಆಗಲ್ಲ, ಅದ್ರಿಂದ ಆಮೇಲೆ ಏನಾದ್ರೂ ವಸ್ತುವೋ ಮಾಹಿತಿಯೋ ಪತ್ತೆ ಆದ್ರೆ ಅದನ್ನ ಬಳಸ್ಬಹುದು ಅಷ್ಟೆ. 2025ರ ಜೂನಲ್ಲಿ ಬಿಹಾರದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟು ಇದನ್ನೇ ಮತ್ತೆ ಗಟ್ಟಿ ಮಾಡಿ, ಆರೋಪಿ ತಾನಾಗೇ ನಾರ್ಕೋ ಮಾಡಿ ಅಂತ ಕೇಳಿದ್ರೂ ಅದು ಅವನ ಪರಮ ಹಕ್ಕೇನಲ್ಲ ಅಂತಾನೂ ಸೇರಿಸ್ತು.

ಬ್ರೈನ್ ಮ್ಯಾಪಿಂಗ್ ವಿಷ್ಯದಲ್ಲಿ ಇನ್ನೂ ಮುಜುಗರ ಇದೆ, ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿನೇ 2008ರಲ್ಲಿ ಅದು ವೈಜ್ಞಾನಿಕ ಅಲ್ಲ ಅಂತ ಹೇಳಿತ್ತು. ಪಾಲಿಗ್ರಾಫ್ ಅಳೆಯೋದು ಉಸಿರು, ನಾಡಿ, ರಕ್ತದ ಒತ್ತಡ, ಚರ್ಮದ ಬೆವರು. ಅಂದ್ರೆ ಭಯವನ್ನ. ಸುಳ್ಳನ್ನಲ್ಲ. ಹೊಟ್ಟೆಲಿ ಹುಳಿ ಹಿಂಡಿದ್ರೂ ಮುಖದಲ್ಲಿ ತೋರಿಸ್ದೇ ಇರೋರು ಇದಾರೆ, ಏನೂ ಮಾಡ್ದೇ ಇದ್ರೂ ಪೊಲೀಸ್ ಜೀಪು ನೋಡಿದ್ರೇ ಬೆವರೋರು ಇದಾರೆ, ಮೆಷೀನಿಗೆ ಇಬ್ರೂ ಒಂದೇ.

ಪೊಲೀಸ್ ಕಡೆಯವ್ರ ವಾದನೂ ಇದೆ: ಸಾಕ್ಷ್ಯ ಆಗ್ದಿದ್ರೂ ತನಿಖೆಗೆ ದಿಕ್ಕು ಸಿಗುತ್ತೆ, ಹತ್ತು ಜನ ಅನುಮಾನದ ಪಟ್ಟಿಲಿದ್ರೆ ಎಂಟು ಜನರನ್ನ ಬಿಡೋಕಾಗುತ್ತೆ, ಥರ್ಡ್ ಡಿಗ್ರಿಗಿಂತ ಇದು ಮೇಲಲ್ವಾ ಅಂತ. ಪೂರ್ತಿ ತಳ್ಳಿಹಾಕೋ ಮಾತಲ್ಲ ಅದು, ಆದ್ರೂ ಇದೇ ಜೀವನೋಪಾಯ ಅಂದ್ಕೊಂಡು ಐದು ವರ್ಷ ಓದೋರಿಗೆ ಒಂದು ಲೆಕ್ಕ ಗೊತ್ತಿರ್ಲಿ. ಎಫ್‌ಎಸ್‌ಎಲ್‌ಗಳಲ್ಲಿ ಸೈಕಾಲಜಿ ವಿಭಾಗಗಳಿಗೆ ಬರೋ ಕೆಲಸದಲ್ಲಿ ದೊಡ್ಡ ಪಾಲು ಈ ಟೆಸ್ಟ್‌ಗಳದ್ದು, ಟೆಸ್ಟ್ ನಿಂತಿರೋದು ಒಪ್ಪಿಗೆ ಮೇಲೆ, ಒಪ್ಪಿಗೆ ಕೊಡ್ಬೇಡ ಅಂತ ಯಾವ ವಕೀಲ್ರು ಹೇಳಲ್ಲ ಹೇಳಿ?

ಓದಿನ ನಿಜವಾದ ತಿರುಳು

ಇಷ್ಟೆಲ್ಲ ಕೇಳಿ ಇದ್ರಲ್ಲಿ ಏನೂ ಇಲ್ಲ ಅಂದ್ಕೋಬೇಡಿ. ವಿಷಯ ಅಂತ ನೋಡಿದ್ರೆ ಇದು ತುಂಬ ಗಟ್ಟಿ ವಿಷಯ, ಮೆಷೀನು ಬಿಟ್ಟು ಉಳಿದ ಕಡೆ ನೋಡ್ಬೇಕಷ್ಟೆ. ಸಾಕ್ಷಿಗಳ ನೆನಪು ಹೇಗೆ ಕೆಡುತ್ತೆ, ಮಗುವನ್ನ ಹೇಗೆ ಪ್ರಶ್ನೆ ಕೇಳ್ಬೇಕು, ಹುಚ್ಚಿನ ಸೋಗು ಹಾಕಿದವನನ್ನ ನಿಜವಾಗ್ಲೂ ಕಾಯಿಲೆ ಇರೋನಿಂದ ಹೇಗೆ ಬೇರೆ ಮಾಡ್ಬೇಕು, ಬಿಡುಗಡೆ ಆದವ್ನು ಮತ್ತೆ ಅದೇ ತಪ್ಪು ಮಾಡೋ ಅಪಾಯ ಎಷ್ಟು, ಇವು ಸಿಲಬಸ್ಸಿನ ಮುಖ್ಯ ಭಾಗ.

ನೆನಪಿನ ಬಗ್ಗೆ 1974ರಲ್ಲಿ ಎಲಿಜಬೆತ್ ಲಾಫ್ಟಸ್, ಜಾನ್ ಪಾಮರ್ ಮಾಡಿದ ಪ್ರಯೋಗ ಪ್ರತೀ ಕ್ಲಾಸಲ್ಲೂ ಹೇಳ್ತಾರೆ. ವಿದ್ಯಾರ್ಥಿಗಳಿಗೆ ಕಾರ್ ಆಕ್ಸಿಡೆಂಟಿನ ಫಿಲ್ಮ್ ತೋರಿಸಿ ಸ್ಪೀಡ್ ಎಷ್ಟಿತ್ತು ಅಂತ ಕೇಳಿದ್ರು, ಎಲ್ರಿಗೂ ಒಂದೇ ಪ್ರಶ್ನೆ, ಒಂದು ಕ್ರಿಯಾಪದ ಮಾತ್ರ ಬೇರೆ ಬೇರೆ. ಅದನ್ನ ನಮ್ಮ ಕಡೆಗೆ ತಂದು ನೋಡಿ. ಶಿರಾಡಿ ಘಾಟಲ್ಲಿ ಲಾರಿಗೂ ಕಾರಿಗೂ ಡಿಕ್ಕಿ ಆಯ್ತು ಅನ್ಕೊಳ್ಳಿ, ನೋಡಿದವನನ್ನ ಒಬ್ರು 'ಲಾರಿ ಬಂದು ಅಪ್ಪಳಿಸ್ದಾಗ ಎಷ್ಟು ಸ್ಪೀಡಲ್ಲಿತ್ತು' ಅಂತ ಕೇಳ್ತಾರೆ, ಇನ್ನೊಬ್ರು 'ತಾಗಿದಾಗ ಎಷ್ಟು ಸ್ಪೀಡಲ್ಲಿತ್ತು' ಅಂತ. ಅಪ್ಪಳಿಸ್ತು ಅಂದ್ರೆ ತಲೆಯಲ್ಲೇ ಸ್ಪೀಡ್ ಏರುತ್ತೆ. ಅವ್ರ ಪ್ರಯೋಗದಲ್ಲಿ ತುಂಬ ಜೋರಿನ ಪದ ಕೇಳಿದವ್ರ ಸರಾಸರಿ ಉತ್ತರ ಗಂಟೆಗೆ ಸುಮಾರು 41 ಮೈಲಿ, ಮೆತ್ತಗಿನ ಪದ ಕೇಳಿದವ್ರದ್ದು ಸುಮಾರು 32. ಎರಡನೇ ಪ್ರಯೋಗ ಇನ್ನೂ ದಿಗಿಲು ಹುಟ್ಸುತ್ತೆ: ಒಂದು ವಾರ ಬಿಟ್ಟು ಒಡೆದ ಗಾಜು ನೋಡಿದ್ರಾ ಅಂತ ಕೇಳಿದ್ರೆ, ಜೋರಿನ ಪದ ಕೇಳಿದ್ದ 50 ಜನರಲ್ಲಿ 16 ಜನ ನೋಡಿದೆ ಅಂದ್ರು, ಸಾದಾ ಪದ ಕೇಳಿದ್ದ 50ರಲ್ಲಿ 7 ಜನ. ಫಿಲ್ಮಲ್ಲಿ ಗಾಜು ಒಡೆದೇ ಇರ್ಲಿಲ್ಲ. ಠಾಣೆಯಲ್ಲಿ ಹೇಳಿಕೆ ಬರ್ಕೊಳ್ಳೋ ರೈಟರ್ ಬಳಸೋ ಒಂದು ಪದಕ್ಕೆ ಎಷ್ಟು ತೂಕ ಇದೆ ಅಂತ ಇದ್ರಿಂದ ಗೊತ್ತಾಗುತ್ತೆ, ಇದನ್ನ ಕಲಿಯೋಕೆ ನಾರ್ಕೋ ಸೂಜಿ ಬೇಕಾಗಿಲ್ಲ.

ಭಾಷೆ ವಿಷ್ಯ ಬಂದಿದ್ದಕ್ಕೆ ಇನ್ನೊಂದು. ಬಾಲ ನ್ಯಾಯ ಮಂಡಳಿಗಾಗಿ ಹುಡುಗನನ್ನ ನೋಡೋ ಸೈಕಾಲಜಿಸ್ಟ್ ಮೂರು ಅಂಶ ತೂಗ್ಬೇಕು: ಅಂಥ ಕೃತ್ಯ ಮಾಡೋ ಮಾನಸಿಕ, ದೈಹಿಕ ಶಕ್ತಿ ಇತ್ತಾ, ಪರಿಣಾಮ ಅರ್ಥ ಆಗ್ತಿತ್ತಾ, ಯಾವ ಸಂದರ್ಭದಲ್ಲಿ ಆಯ್ತು ಅಂತ. ಎದುರಿಗೆ ಕೂರ್ಸಿ 'ತಪ್ಪು ಅಂತ ಗೊತ್ತಿತ್ತೇನೋ' ಅಂದ್ರೆ ಯಾವ ಹುಡುಗನಾದ್ರೂ ತಲೆ ತಗ್ಗಿಸಿ 'ಹ್ಞೂ ಸಾರ್' ಅಂತಾನೆ, ಆ ಹ್ಞೂ ಅನ್ನೋದಕ್ಕೆ ಏನೂ ಬೆಲೆ ಇಲ್ಲ, ಹೆದರಿಕೆಗೂ ಹಾಗೆ ಅಂತಾನೆ, ಅರ್ಥ ಆಗ್ದಿದ್ರೂ ಹಾಗೆ ಅಂತಾನೆ. ಶಾಲೆ ದಾಖಲೆ ನೋಡ್ಬೇಕು, ಮನೆಯವ್ರನ್ನ ಮಾತಾಡಿಸ್ಬೇಕು, ಬುದ್ಧಿಮಟ್ಟದ ಪರೀಕ್ಷೆ ಮಾಡ್ಬೇಕು. ನಮ್ಮಲ್ಲಿ ಇವತ್ತೂ ಬಳಸೋ ಬಿನೆ-ಕಾಮತ್ ಪರೀಕ್ಷೆ 1930ರ ದಶಕದಲ್ಲಿ ವಿ.ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗೆ ಅಂತಾನೇ ಹೊಂದಿಸಿದ್ದು, ಹಳೇದಾಯ್ತು ಅಂತ ದೂರು ಇದೆ ಆದ್ರೂ ಬಿಟ್ಟಿಲ್ಲ. ಸಕಲೇಶಪುರದ ತೋಟದ ಲೈನ್ ಮನೆಯಲ್ಲಿ ಬೆಳೆದ ಹುಡುಗ ತನ್ನ ಮಾತಲ್ಲಿ ಹೇಳೋದನ್ನ ಇಂಗ್ಲಿಷ್ ಮ್ಯಾನುಯಲ್ ಹಿಡ್ಕೊಂಡು ಹೊರಗಿಂದ ಬಂದವ್ರು ಎಷ್ಟು ಹಿಡೀಬಲ್ರು? ಜಿಲ್ಲೆಯ ಮಕ್ಕಳೇ ಈ ಓದಿಗೆ ಬರ್ಬೇಕು ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಕಾಣಲ್ಲ.

ದೂರಶಿಕ್ಷಣದ ಜಗಳದಲ್ಲಿ ಯಾರು ಏನು ಹೇಳ್ತಾರೆ

ಹಾಗೆ ಬರೋ ಮಕ್ಕಳಿಗೇ ಯುಜಿಸಿ ನಿರ್ಧಾರ ಅಡ್ಡ ಬರೋದು. ನಿಷೇಧದ ಪರ ಇರೋರ ಮಾತು ಸರಳವಾಗಿದೆ: ರೋಗಿನ ನೋಡ್ದೇ, ಹಿರಿಯರ ಕಣ್ಣೆದುರು ಒಂದು ಟೆಸ್ಟೂ ಮಾಡ್ದೇ, ಪುಸ್ತಕ ಓದಿ ಪರೀಕ್ಷೆ ಬರೆದವ್ರು ನಾಳೆ ಬೋರ್ಡ್ ಹಾಕ್ಕೊಂಡು ಕೌನ್ಸೆಲಿಂಗ್ ಶುರು ಮಾಡ್ತಾರೆ, ಕೋರ್ಟಿಗೆ ವರದಿ ಬರೀತಾರೆ, ಹೊಡೆತ ಬೀಳೋದು ಯಾರದ್ದೋ ಮಗುಗೆ. ಅಂಥ ಬೋರ್ಡುಗಳು ಇಲ್ಲ ಅಂತ ಯಾರೂ ಹೇಳೋಕಾಗಲ್ಲ.

ವಿರೋಧ ಮಾಡೋರು ಹೇಳೋದು, ದೂರಶಿಕ್ಷಣದ ಎಂಎ ಯಾವತ್ತೂ ಲೈಸೆನ್ಸ್ ಆಗಿರ್ಲೇ ಇಲ್ವಲ್ಲ, ಚಿಕಿತ್ಸೆ ಮಾಡೋಕೆ ಆರ್‌ಸಿಐ ಕೋರ್ಸ್ ಆಮೇಲೆ ಬೇಕೇ ಬೇಕಿತ್ತು, ಹಾಗಿರೋವಾಗ ಮೊದಲ ಮೆಟ್ಟಿಲನ್ನೇ ಯಾಕೆ ಕಿತ್ತಾಕ್ಬೇಕು ಅಂತ. ಇಗ್ನೋ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಈ ವಿಷ್ಯ ತಗೋತಿದ್ದವ್ರು ಯಾರು? ಶಾಲೆ ಟೀಚರುಗಳು, ಮದುವೆಯಾಗಿ ಮೂಡಿಗೆರೆಯಲ್ಲೋ ಬೇಲೂರಲ್ಲೋ ಇರೋ ಹೆಣ್ಮಕ್ಕಳು, ಪೊಲೀಸ್ ಕಾನ್‌ಸ್ಟೇಬಲ್‌ಗಳು, ಅಂದ್ರೆ ಬೆಂಗಳೂರಿನ ಪಿಜಿಯಲ್ಲಿ ಎರಡು ವರ್ಷ ಕೂತು ಓದೋಕೆ ಆಗ್ದೇ ಇರೋರು.

ನನ್ನ ಲೆಕ್ಕದಲ್ಲಿ ಕಾರಣ ಯುಜಿಸಿ ಕಡೆ ಗಟ್ಟಿ ಇದೆ, ಕ್ರಮ ಮಾತ್ರ ತಿರುಗುಮುರುಗ ಆಗಿದೆ. ಮೊದ್ಲು ಜಿಲ್ಲೆಗಳಲ್ಲಿ ರೆಗ್ಯುಲರ್ ಸೀಟು ಮಾಡಿ, ಜಿಲ್ಲಾಸ್ಪತ್ರೆಗೆ ಜೋಡಿಸಿ, ಆಮೇಲೆ ಪೋಸ್ಟಲ್ ಬಾಗಿಲು ಹಾಕಿದ್ರೆ ಯಾರೂ ಕೇಳ್ತಿರ್ಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಸೈಕಾಲಜಿ ವಿಭಾಗ ದೇಶದಲ್ಲೇ ಮೊದಮೊದಲು ಶುರುವಾದವುಗಳಲ್ಲಿ ಒಂದು, ಅದನ್ನ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವ್ರೇ ಮೈಸೂರಲ್ಲಿ ಆಕಾಶವಾಣಿ ಶುರು ಮಾಡಿದ್ದು. ಅದೇ ವಿಶ್ವವಿದ್ಯಾಲಯದ ಕೇಂದ್ರವಾಗಿದ್ದ ಹೇಮಗಂಗೋತ್ರಿ ಈಗ ಹಾಸನ ವಿಶ್ವವಿದ್ಯಾಲಯ, 2023ರಲ್ಲಿ ಹುಟ್ಟಿ 2025ರಲ್ಲೇ ಮುಚ್ಚೋ ಪಟ್ಟಿಯಲ್ಲಿ ಹೆಸರು ಕೇಳಿಬಂದ ಹೊಸ ವಿವಿಗಳ ಸಾಲಲ್ಲಿರೋದು. ಹೀಗೆ ತಾನೇ ಉಳಿಯುತ್ತಾ ಅಂತ ಗೊತ್ತಿಲ್ಲದ ಜಾಗದಲ್ಲಿ ಹೊಸ ಲ್ಯಾಬು, ಹೊಸ ಕೋರ್ಸು ಯಾರು ಮಾಡ್ತಾರೆ.

ಮಾಸ್ಟರ್ಸ್ ಯಾವುದು ಅನ್ನೋ ಪ್ರಶ್ನೆ

ಪರಿಣತರಲ್ಲೂ ಎರಡು ಪಂಗಡ ಇದೆ. ಫೊರೆನ್ಸಿಕ್ ಸೈಕಾಲಜಿಗೇ ನೇರ ಎಂಎಸ್ಸಿ ಇರ್ಲಿ, ಕೋರ್ಟು ಕಾನೂನು ತನಿಖೆ ಇವೆಲ್ಲ ಕ್ಲಿನಿಕಲ್ ಓದಿದವ್ರಿಗೆ ಬರಲ್ಲ ಅನ್ನೋದು ಒಂದು. ಗಾಂಧಿನಗರದ ರಾಷ್ಟ್ರೀಯ ಫೊರೆನ್ಸಿಕ್ ಸೈನ್ಸಸ್ ವಿಶ್ವವಿದ್ಯಾಲಯ ಇಂಥ ಎಂಎಸ್ಸಿ ಕೊಡುತ್ತೆ, 2020ರಲ್ಲಿ ಪಾರ್ಲಿಮೆಂಟ್ ಕಾಯ್ದೆಯಿಂದ ಆದ ವಿವಿ ಅದು, ಸ್ವಂತ ಎಂಟ್ರೆನ್ಸ್ ಪರೀಕ್ಷೆ ಇದೆ. ಧಾರವಾಡದಲ್ಲಿ ಅದ್ರ ಕ್ಯಾಂಪಸ್‌ಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ಆಯ್ತು, ಆದ್ರೆ ಎಲ್ಲ ಕ್ಯಾಂಪಸ್‌ನಲ್ಲೂ ಎಲ್ಲ ಕೋರ್ಸ್ ಇರಲ್ಲ, ಸೇರೋ ವರ್ಷದ ಪಟ್ಟಿ ನೋಡ್ಕೊಂಡೇ ಅರ್ಜಿ ಹಾಕ್ಬೇಕು. ಇನ್ನೊಂದು ಪಂಗಡ, ಮೊದ್ಲು ಕಾಯಿಲೆ ಯಾವುದು ಕಾಯಿಲೆ ಅಲ್ಲ ಯಾವುದು ಅಂತ ಗುರುತಿಸೋದು ಕಲೀರಿ, ಕ್ಲಿನಿಕಲ್ ಬುನಾದಿ ಇಲ್ದೇ ಸೋಗು ಹಿಡಿಯೋಕೆ ಆಗಲ್ಲ, ಫೊರೆನ್ಸಿಕ್ ಆಮೇಲೆ ಬರೋ ಪರಿಣತಿ ಅನ್ನುತ್ತೆ.

ಕಾನೂನಿನ ಪದಗಳನ್ನ ಮೇಲೆ ನೋಡಿದ್ಮೇಲೆ ನಮ್ಮ ದೇಶದ ಮಟ್ಟಿಗೆ ಎರಡನೇ ಪಂಗಡದ್ದೇ ಸರಿ ಅಂತ ನನಗನ್ಸುತ್ತೆ. ಬರೀ ಫೊರೆನ್ಸಿಕ್ ಎಂಎಸ್ಸಿ ಮಾಡಿದವ್ರು ಎಫ್‌ಎಸ್‌ಎಲ್, ಸಂಶೋಧನೆ, ಪಾಠ, ಎನ್‌ಜಿಓ ಕಡೆ ಹೋಗ್ಬಹುದು, ಬಾಲ ನ್ಯಾಯ ಮಂಡಳಿಗೂ ಅನುಭವದ ಮೇಲೆ ಹೋಗ್ಬಹುದು, ಆದ್ರೆ 367ನೇ ಸೆಕ್ಷನ್ ಕರೆಯೋ ಕುರ್ಚಿಯಲ್ಲಿ ಕೂರೋಕೆ ಆರ್‌ಸಿಐ ನಂಬರ್ ಇರ್ಬೇಕು.

ಅಲ್ಲೂ ಈಗ ರಸ್ತೆ ಅಗೆದು ಹಾಕಿದಾರೆ. ಹೊಸ ಶಿಕ್ಷಣ ನೀತಿ ಎಂಫಿಲ್ ಬೇಡ ಅಂತು, 2022ರ ನಿಯಮದಲ್ಲಿ ಯುಜಿಸಿ ಅದನ್ನ ನಿಲ್ಲಿಸ್ತು, ಆಮೇಲೆ ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೂ ಮಾತ್ರ 2025-26ರವರೆಗೆ ವಿನಾಯಿತಿ ಕೊಡ್ತು. ಆರ್‌ಸಿಐ ಬದಲಿಗೆ ನಾಲ್ಕು ವರ್ಷದ ಬಿಎಸ್ಸಿ ಕ್ಲಿನಿಕಲ್ ಸೈಕಾಲಜಿ ಆನರ್ಸ್, ಆಮೇಲೆ ಎಂಎ, ಅದ್ರ ಮೇಲೆ ಸೈ ಡಿ (ಸೈಕಾಲಜಿಯ ಡಾಕ್ಟರೇಟ್) ಅಂತ ಹೊಸ ಹಾದಿ ಹಾಕ್ತಿದೆ. ನಮ್ಮ ರಾಜ್ಯ ನೋಡಿದ್ರೆ 2024ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು. ಹಾಸನದ ಕಾಲೇಜಲ್ಲಿ ಮೂರು ವರ್ಷದ ಬಿಎ ಸೈಕಾಲಜಿ ಮಾಡಿದ ಹುಡುಗಿ ಹೊಸ ಹಾದಿಗೆ ಯಾವ ತಿರುವಲ್ಲಿ ಸೇರ್ಕೋಬೇಕು ಅನ್ನೋದನ್ನ ಆಯಾ ವರ್ಷದ ನೋಟಿಫಿಕೇಷನ್ ನೋಡೇ ತೀರ್ಮಾನ ಮಾಡ್ಬೇಕಾದ ಸ್ಥಿತಿ.

ಮುಂದೆ ಏನಾಗ್ಬಹುದು

ಮೊದಲ ಪರಿಣಾಮ ಸರ್ಟಿಫಿಕೇಟ್ ಅಂಗಡಿಗಳದ್ದು. ದೂರಶಿಕ್ಷಣದ ಡಿಗ್ರಿ ನಿಂತ್ರೆ ಆಸೆ ನಿಲ್ಲಲ್ಲ, ಆ ಜಾಗಕ್ಕೆ ಮೂರು ತಿಂಗಳ ಆನ್‌ಲೈನ್ ಡಿಪ್ಲೊಮಾ ಇನ್ ಫೊರೆನ್ಸಿಕ್ ಸೈಕಾಲಜಿ ಬರುತ್ತೆ, ಬಂದೂ ಆಗಿದೆ. ಡಿಗ್ರಿ ಅಲ್ಲದ್ರಿಂದ ಯುಜಿಸಿ ಕೈಗೆ ಸಿಗಲ್ಲ, ಆರ್‌ಸಿಐ ನಂಬರೂ ಬರಲ್ಲ, ಫ್ರೇಮ್ ಹಾಕ್ಸಿ ಗೋಡೆಗೆ ಹಾಕೋಕೆ ಚೆನ್ನಾಗಿರುತ್ತೆ. ದುಡ್ಡು ಕಟ್ಟೋಕೆ ಮುಂಚೆ ಈ ಕೋರ್ಸ್ ಮುಗಿಸಿದ್ರೆ ಯಾವ ರಿಜಿಸ್ಟರಲ್ಲಿ ಹೆಸರು ಬರುತ್ತೆ ಅಂತ ಒಂದೇ ಪ್ರಶ್ನೆ ಕೇಳಿ, ಫೋನಲ್ಲಿ ಅಷ್ಟು ಹೊತ್ತು ಪಟಪಟ ಅಂತ ಮಾತಾಡ್ತಿದ್ದ ಕೌನ್ಸೆಲರು ಸುಮ್ಮನಾಗ್ತಾರೆ.

ಎರಡನೇದು ಕೋರ್ಟುಗಳ ಮೇಲೆ. ಪ್ರಾಥಮಿಕ ಅಂದಾಜಿಗೆ ಕಾಯ್ದೆ ಕೊಟ್ಟಿರೋದು ಮೂರು ತಿಂಗಳು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೈಕಾಲಜಿಸ್ಟೇ ಓಪಿಡಿನೂ ನೋಡ್ಬೇಕು, ತಾಲ್ಲೂಕು ಕ್ಯಾಂಪಿಗೂ ಹೋಗ್ಬೇಕು, ಮಂಡಳಿ ಕರೆದಾಗ್ಲೂ ಬರ್ಬೇಕು ಅಂದ್ರೆ ವರದಿ ಎರಡು ಪುಟದ ಫಾರ್ಮ್ ತುಂಬೋ ಕೆಲ್ಸ ಆಗುತ್ತೆ. ತೆಳು ವರದಿ ಮೇಲೆ ಹುಡುಗನನ್ನ ದೊಡ್ಡವ್ರ ಥರ ವಿಚಾರಣೆಗೆ ಕಳ್ಸಿದ್ರೆ ಮೇಲಿನ ಕೋರ್ಟಲ್ಲಿ ಅದು ಬಿದ್ದು ಮತ್ತೆ ಮೊದಲಿಂದ ಶುರು, ಅಷ್ಟರಲ್ಲಿ ಹುಡುಗನಿಗೆ ವಯಸ್ಸಾಗಿರುತ್ತೆ, ದೂರು ಕೊಟ್ಟ ಮನೆಯವ್ರಿಗೆ ನ್ಯಾಯನೂ ಸಿಕ್ಕಿರಲ್ಲ.

ಮೂರನೇದು ಲೆಕ್ಕಾಚಾರದ್ದು. 2026ರಲ್ಲಿ ಹಾಸನದಲ್ಲಿ ಸೈಕಾಲಜಿ ಇರೋ ಡಿಗ್ರಿಗೆ ಸೇರೋ ಹುಡುಗಿ 2029ಕ್ಕೆ ಮುಗಿಸ್ತಾಳೆ, ಸ್ಥಳಕ್ಕೆ ಫೊರೆನ್ಸಿಕ್ ಎಕ್ಸ್‌ಪರ್ಟ್ ಬರೋದನ್ನ ಕಡ್ಡಾಯ ಮಾಡೋಕೆ ರಾಜ್ಯಗಳಿಗಿರೋ ಐದು ವರ್ಷದ ಗಡುವೂ ಮುಗಿಯೋದು ಅದೇ ವರ್ಷ. ಆಗ ಎಫ್‌ಎಸ್‌ಎಲ್ ನೇಮಕಾತಿ ಜೋರಾಗಿ ನಡೀತಿದ್ರೂ ಅವಳ ಸಾಲು ಅದಲ್ಲ. ಅವಳಿಗೆ ಇನ್ನೂ ಎರಡು ವರ್ಷದ ಮಾಸ್ಟರ್ಸ್, ಅದ್ರ ಮೇಲೆ ಆರ್‌ಸಿಐ ಆ ಹೊತ್ತಿಗೆ ಏನು ಹೆಸರು ಇಟ್ಟಿರುತ್ತೋ ಆ ಟ್ರೈನಿಂಗು ಬಾಕಿ ಇರುತ್ತೆ, ಎಲ್ಲ ಮುಗಿಸಿ ಊರಿಗೆ ವಾಪಸ್ ಬಂದು ಮಂಡಳಿಯ ಮುಂದೆ ಮೊದಲ ವರದಿ ಇಡೋ ಹೊತ್ತಿಗೆ 2033 ಆಗಿದ್ರೂ ಆಶ್ಚರ್ಯ ಇಲ್ಲ.